ತೂಕವಿಲ್ಲದ ಸರಕು

ವ್ಯಾಪಾರಿಯ ಪ್ರಾಮಾಣಿಕತೆಯನ್ನು ಪರೀಕ್ಷಿಸಲು ಹಿಂದೆ ತಕ್ಕಡಿಯೊಂದೇ ಸಾಕಾಗುತ್ತಿತ್ತು. ಅಕ್ಕಿಯ ಅಂಗಡಿಗೆ ಸೇರು, ಬಟ್ಟೆಯ ಅಂಗಡಿಗೆ ಗಜ, ಚಿನ್ನದ ಅಂಗಡಿಗೆ ಗುಲಗಂಜಿ. ಮೋಸ ಮಾಡುವವನೂ ಇವುಗಳ ಮೂಲಕವೇ ಮಾಡಬೇಕಾಗಿತ್ತು. ಮೋಸ ಹೋದವನು ಮನೆಗೆ ಹೋಗಿ ಮತ್ತೊಮ್ಮೆ ತೂಗಿ ನೋಡಿದರೆ ಸತ್ಯ ಹೊರಬೀಳುತ್ತಿತ್ತು. ಈಗಿನ ಅಂಗಡಿಗಳಲ್ಲಿ ತೂಕಕ್ಕೂ ಅಳತೆಗೂ ಸಿಕ್ಕದ ಸರಕುಗಳು ಬಂದು ಕುಳಿತಿವೆ. ಮಕ್ಕಳು ಕೈಯಲ್ಲಿ ಹಿಡಿದು ಆಡುವ ವಿಡಿಯೋ ಆಟದ ಯಂತ್ರದೊಳಗಿನ ಪ್ರೋಗ್ರಾಂಗೆ ತೂಕವಿಲ್ಲ. ಅದನ್ನು ಒಬ್ಬರಿಂದ ತೆಗೆದುಕೊಂಡರೂ ಅವರ ಬಳಿ ಇದ್ದದ್ದು ಹಾಗೆಯೇ ಉಳಿಯುತ್ತದೆ. ಇಂತಹ ಸರಕನ್ನು ಮಾರುವವನ ಧರ್ಮವೇನು? ಈ ಪ್ರಶ್ನೆ ಬೆಂಗಳೂರಿನ ಪೀಣ್ಯದ ಸಮೀಪ ಅಂಗಡಿ ಇಟ್ಟಿದ್ದ ಶ್ರಾವಕರೊಬ್ಬರಿಗೆ ಎದುರಾದ ಬಗೆಯೂ ಅವರು ಅದಕ್ಕೆ ಕಂಡುಕೊಂಡ ಉತ್ತರವೂ ಇಲ್ಲಿಯ ವಿಷಯ.

ಈ ವರ್ತಕರು ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ಬಂದವರು. 1988ರಲ್ಲಿ ದಾಸರಹಳ್ಳಿಯಲ್ಲಿ ಹತ್ತಡಿ ಅಗಲದ ಮಳಿಗೆಯೊಂದನ್ನು ಬಾಡಿಗೆಗೆ ಹಿಡಿದು ವೈರು, ಸ್ವಿಚ್ಚು, ಹೋಲ್ಡರುಗಳ ವ್ಯಾಪಾರ ಆರಂಭಿಸಿದರು. ಪೀಣ್ಯದ ಕಾರ್ಖಾನೆಗಳಲ್ಲಿ ದುಡಿಯುವವರೇ ಗಿರಾಕಿಗಳು. ಬೆಂಗಳೂರಿನ ಅಂಚುಗಳು ಆಗ ಬೆಳೆಯುತ್ತಿದ್ದವು. ನಗರದ ಇನ್ನೊಂದು ಕೊನೆಯಲ್ಲಿ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯನ್ನು ಕಿಯೋನಿಕ್ಸ್ ಸಂಸ್ಥೆ 1978ರಲ್ಲಿಯೇ ಆರಂಭಿಸಿತ್ತು, ಅದು ಆರ್.ಕೆ. ಬಾಳಿಗರು ಕಂಡ ಕನಸು. ಮುಂದೆ ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕಟ್ಟಡಗಳು ಎದ್ದವು. ವರ್ತಕರ ಮಗ ಅಲ್ಲಿನ ಒಂದು ಸಂಸ್ಥೆಯಲ್ಲಿ ಪ್ರೋಗ್ರಾಂ ಬರೆಯುವ ಕೆಲಸಕ್ಕೆ ಸೇರಿದ. ತಂದೆ ತಂತಿಯನ್ನು ಮೀಟರ್ ಲೆಕ್ಕದಲ್ಲಿ ಮಾರುವವರು. ಮಗ ಅಳತೆಗೆ ಸಿಕ್ಕದ್ದನ್ನು ತಯಾರಿಸುವವನು. ಒಂದೇ ಮನೆಯಲ್ಲಿ ಎರಡು ಕಾಲಗಳು ವಾಸವಾಗಿದ್ದವು.

ಕೈಯಲ್ಲಿ ಹಿಡಿದು ಆಡುವ ಯಂತ್ರಗಳ ಕಥೆಯನ್ನು ಸ್ವಲ್ಪ ಹೇಳುವುದು ಅವಶ್ಯ. ಜಪಾನಿನ ಕ್ಯೋಟೋ ನಗರದ ನಿಂಟೆಂಡೊ ಸಂಸ್ಥೆ 1989ರಲ್ಲಿ ಗೇಮ್ ಬಾಯ್ ಎಂಬ ಯಂತ್ರವನ್ನು ಹೊರತಂದಿತು. ಅದರ ನಿರ್ಮಾತೃಗಳಲ್ಲಿ ಪ್ರಮುಖರಾದ ಗುನ್ಪೇ ಯೊಕೊಯಿಯವರು ಹೊಸ ದುಬಾರಿ ಭಾಗಗಳನ್ನು ಬಿಟ್ಟು, ಬಳಸಿ ಪಳಗಿದ ಅಗ್ಗದ ಭಾಗಗಳಿಂದಲೇ ಅದನ್ನು ಕಟ್ಟಿದರು. ಪರದೆಗೆ ಬಣ್ಣವಿರಲಿಲ್ಲ, ಬೆಳಕೂ ಇರಲಿಲ್ಲ. ಆದರೆ ನಾಲ್ಕು ಪೆನ್ಸಿಲ್ ಸೆಲ್ಲುಗಳಿಂದ ಹತ್ತು ಗಂಟೆಗಳಿಗೂ ಹೆಚ್ಚು ಕಾಲ ನಡೆಯುತ್ತಿತ್ತು. ಆಟದ ಪ್ರೋಗ್ರಾಂ ಕಾರ್ಟ್ರಿಜ್ ಎಂಬ ಪುಟ್ಟ ಡಬ್ಬಿಯಲ್ಲಿ ಬೇರೆಯಾಗಿ ಬರುತ್ತಿತ್ತು. 2004ರಲ್ಲಿ ಅದೇ ಸಂಸ್ಥೆ ಎರಡು ಪರದೆಗಳ ಡಿಎಸ್ ಯಂತ್ರವನ್ನು ತಂದಿತು. ಅದೇ ವರ್ಷದ ಕೊನೆಗೆ ಸೋನಿ ಸಂಸ್ಥೆಯ ಪಿಎಸ್‌ಪಿ ಜಪಾನಿನಲ್ಲಿ ಬಿಡುಗಡೆಯಾಯಿತು. ಹೊಸ ಯಂತ್ರಗಳಲ್ಲಿ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಲಿಥಿಯಂ ಬ್ಯಾಟರಿಗಳಿದ್ದವು. ಬ್ಯಾಟರಿ ಬಂದೊಡನೆ ಅಡಾಪ್ಟರ್ ಬೇಕಾಯಿತು. ಪರದೆಗೆ ಮೇಲ್ಪದರ, ಒತ್ತಲು ಕಡ್ಡಿ, ಇಡಲು ಚೀಲ, ಮೆಮೊರಿ ಕಾರ್ಡು ಬೇಕಾದವು.

ಯಂತ್ರವನ್ನು ಮಾರಿ ಬರುವ ಲಾಭಕ್ಕಿಂತ ಅದರ ಬಿಡಿ ಸಾಮಾನುಗಳನ್ನು ಮಾರಿ ಬರುವ ಲಾಭ ಹೆಚ್ಚೆಂಬುದು ವರ್ತಕರಿಗೆ ಬೇಗ ತಿಳಿಯಿತು. 2007ರಿಂದ ಅವರ ಅಂಗಡಿಯ ಗಾಜಿನ ಕಪಾಟಿನಲ್ಲಿ ಇವು ಜಾಗ ಪಡೆದವು. ಪೇಟೆಯಲ್ಲಿ ಸಗಟು ವ್ಯಾಪಾರಿಯೊಬ್ಬ ಪೂರೈಸುತ್ತಿದ್ದ. ಸರಕಿನಲ್ಲಿ ‘ಒರಿಜಿನಲ್’ ಎಂದೂ ‘ಫಸ್ಟ್ ಕಾಪಿ’ ಎಂದೂ ಎರಡು ಬಗೆ. ಎರಡನೆಯದರ ಮೇಲೆಯೂ ಅಸಲು ಸಂಸ್ಥೆಯ ಮುದ್ರೆಯೇ ಇರುತ್ತಿತ್ತು. ಬೆಲೆ ಮಾತ್ರ ಐದರಲ್ಲಿ ಒಂದು ಪಾಲು. ತೊಂಬತ್ತು ರೂಪಾಯಿಗೆ ಕೊಂಡ ಅಡಾಪ್ಟರ್ ಇನ್ನೂರಕ್ಕೆ ಹೋಗುತ್ತಿತ್ತು. ಅದರ ಜೊತೆಗೆ ಇನ್ನೊಂದು ವಸ್ತುವೂ ಬರುತ್ತಿತ್ತು. ನೋಡಲು ಆಟದ ಕಾರ್ಟ್ರಿಜ್‌ನಂತೆಯೇ ಇರುವ ಕಾರ್ಡು. ಅದರೊಳಗೆ ಉಗುರಿನಷ್ಟು ಚಿಕ್ಕ ಮೆಮೊರಿ ಕಾರ್ಡನ್ನು ಕೂರಿಸಿದರೆ ನಕಲು ಮಾಡಿದ ನೂರಾರು ಆಟಗಳು ಯಂತ್ರದಲ್ಲಿ ನಡೆಯುತ್ತಿದ್ದವು. ನಾನೂರೈವತ್ತಕ್ಕೆ ಕೊಂಡು, ಆಟಗಳನ್ನು ತುಂಬಿಸಿ, ಎಂಟುನೂರಕ್ಕೆ ಮಾರುವುದು ವಾಡಿಕೆಯಾಯಿತು. ಗಿರಾಕಿ ಕೇಳಿದ್ದನ್ನು ಕೊಟ್ಟರು. ಬಿಲ್ಲಿನಲ್ಲಿ ‘ಗ್ಯಾರಂಟಿ ಇಲ್ಲ’ ಎಂದು ಬರೆದರು. ಇದರಲ್ಲಿ ದೋಷವಿದೆಯೆಂದು ಅವರಿಗೆ ತೋರಲಿಲ್ಲ. ಆಟದ ಸಾಮಾನಲ್ಲವೇ ಎಂಬ ಭಾವನೆ.

2010ರ ಬೇಸಿಗೆ ರಜೆಯಲ್ಲಿ ಮಗ ಅಮೆರಿಕದಿಂದ ಹಿಂದಿರುಗುವಾಗ ಹತ್ತು ವರ್ಷದ ಮಗನಿಗೆಂದು ಡಿಎಸ್ ಲೈಟ್ ಯಂತ್ರವೊಂದನ್ನು ತಂದ. ಅದರ ಜೊತೆಗಿದ್ದ ಅಡಾಪ್ಟರ್ ಆ ದೇಶದ ಮನೆಗಳ 120 ವೋಲ್ಟ್ ವಿದ್ಯುತ್ತಿಗೆ ಮಾತ್ರ ಸಿದ್ಧವಾದದ್ದು. ಮನೆಯವರು ಅದರ ಮೇಲಿನ ಬರಹವನ್ನು ಓದದೆ, ಪಿನ್ ಬದಲಿಸಿ, ಇಲ್ಲಿಯ 230 ವೋಲ್ಟಿಗೆ ಜೋಡಿಸಿದರು. ಕ್ಷಣಮಾತ್ರದಲ್ಲಿ ಅದು ಸುಟ್ಟುಹೋಯಿತು. ತಾತ ನಕ್ಕು, ‘ಅಳಬೇಡ ಮರಿ, ನಮ್ಮ ಅಂಗಡಿಯಲ್ಲೇ ಇದೆ’ ಎಂದು ತಮ್ಮ ಕಪಾಟಿನ ಅಡಾಪ್ಟರ್ ಒಂದನ್ನು ತಂದುಕೊಟ್ಟರು.

ಮೂರನೆಯ ದಿನ ಸಂಜೆ, ಒದ್ದೆ ನೆಲದ ಮೇಲೆ ಬರಿಗಾಲಿನಲ್ಲಿ ನಿಂತಿದ್ದ ಹುಡುಗ ಅಡಾಪ್ಟರ್‌ನ ತುದಿಯನ್ನು ಯಂತ್ರಕ್ಕೆ ಸಿಕ್ಕಿಸಲು ಹೋಗಿ ಕೈ ಹಿಂದೆಳೆದುಕೊಂಡ.

‘ತಾತ, ಇದು ಕಚ್ಚುತ್ತೆ.’

ತಾತ ಮುಟ್ಟಿ ನೋಡಿದರು. ಬೆರಳಿನಲ್ಲಿ ಸಣ್ಣ ಜುಮ್ಮೆನ್ನುವಿಕೆ. ಅಡಾಪ್ಟರ್‌ನ ಮೈ ಕೈಯಿಡಲಾಗದಷ್ಟು ಬಿಸಿ. ಇಪ್ಪತ್ತೆರಡು ವರ್ಷ ವಿದ್ಯುತ್ ಸಾಮಾನುಗಳನ್ನು ಮಾರಿದ ಮನುಷ್ಯರಿಗೆ ಆ ಜುಮ್ಮೆನ್ನುವಿಕೆಯ ಅರ್ಥ ಹೇಳಿಕೊಡಬೇಕಾಗಿರಲಿಲ್ಲ. ಐದು ವೋಲ್ಟ್ ಇರಬೇಕಾದ ತುದಿಗೆ ಗೋಡೆಯ ವಿದ್ಯುತ್ತಿನ ಸೋರಿಕೆ ಬಂದಿತ್ತು. ಅಂದು ರಾತ್ರಿ ಅವರಿಗೆ ನಿದ್ರೆ ಬರಲಿಲ್ಲ. ಅದೇ ಪೆಟ್ಟಿಗೆಯಿಂದ ತೆಗೆದ ಅಡಾಪ್ಟರ್‌ಗಳು ಎಷ್ಟು ಮನೆಗಳಿಗೆ ಹೋಗಿವೆ ಎಂಬ ಲೆಕ್ಕ ಮನಸ್ಸಿನಲ್ಲಿ ತಾನಾಗಿಯೇ ಆರಂಭವಾಗಿತ್ತು.

ಮರುದಿನ ಅವರು ಬಸದಿಯಲ್ಲಿ ಪರಿಚಯವಾಗಿದ್ದ ನಿವೃತ್ತ ಪರೀಕ್ಷಾ ಎಂಜಿನಿಯರೊಬ್ಬರ ಮನೆಗೆ ಹೋದರು. ಪೀಣ್ಯದಲ್ಲಿ ಕೇಂದ್ರ ಸರ್ಕಾರದ ಎಲೆಕ್ಟ್ರಾನಿಕ್ಸ್ ಪರೀಕ್ಷಾ ಮತ್ತು ಅಭಿವೃದ್ಧಿ ಕೇಂದ್ರವಿರುವುದರಿಂದ ಈ ವಿದ್ಯೆ ಬಲ್ಲವರು ಆ ಪ್ರದೇಶದಲ್ಲಿ ವಿರಳರಲ್ಲ. ಎಂಜಿನಿಯರರು ಅಡಾಪ್ಟರ್‌ನ ಹೊದಿಕೆಯನ್ನು ಬಿಚ್ಚಿ ಒಂದು ಭೂತಗನ್ನಡಿಯ ಕೆಳಗೆ ಇಟ್ಟರು.

‘ಇದರ ಒಳಗೆ ಎರಡು ಊರುಗಳಿವೆ ಎಂದು ತಿಳಿಯಿರಿ’ ಎಂದರು ಅವರು. ‘ಒಂದು ಕಡೆ ಗೋಡೆಯಿಂದ ಬರುವ 230 ವೋಲ್ಟ್. ಇನ್ನೊಂದು ಕಡೆ ಮಗುವಿನ ಕೈಗೆ ಹೋಗುವ ಐದು ವೋಲ್ಟ್. ನಡುವೆ ಸುಮಾರು ಐದು ಮಿಲಿಮೀಟರ್ ಖಾಲಿ ನೆಲ ಬಿಡಬೇಕು. ಇಲ್ಲಿ ಒಂದು ಮಿಲಿಮೀಟರೂ ಇಲ್ಲ. ಟ್ರಾನ್ಸ್‌ಫಾರ್ಮರ್ ತಂತಿಯ ಸುತ್ತುಗಳ ನಡುವೆ ಮೂರು ಪದರ ಟೇಪು ಇರಬೇಕಾದಲ್ಲಿ ಒಂದೇ ಪದರವಿದೆ. ಫ್ಯೂಸ್ ಇರಬೇಕಾದಲ್ಲಿ ಬರೀ ತಂತಿಯ ತುಂಡು.’

‘ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವಲ್ಲ ಸಾರ್?’

‘ಹೊರಗಿನಿಂದ ಕಾಣುವುದಕ್ಕೇ ಅವರು ಖರ್ಚು ಮಾಡಿರುವುದು.’

ಆ ಮಾತು ವರ್ತಕರ ಮನಸ್ಸಿನಲ್ಲಿ ನಾಟಿತು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕಂಠಪಾಠ ಮಾಡಿದ್ದ ಅಚೌರ್ಯ ವ್ರತದ ಐದು ಅತಿಚಾರಗಳು ನೆನಪಾದವು. ಕಳ್ಳತನಕ್ಕೆ ಪ್ರೇರಣೆ ನೀಡುವುದು, ಕದ್ದ ಮಾಲನ್ನು ಕೊಳ್ಳುವುದು, ರಾಜ್ಯದ ನಿಯಮವನ್ನು ಮೀರುವುದು, ಅಳತೆಯಲ್ಲಿ ಹೆಚ್ಚುಕಡಿಮೆ ಮಾಡುವುದು. ಐದನೆಯದು ಪ್ರತಿರೂಪಕ ವ್ಯವಹಾರ, ಅಂದರೆ ಅಸಲಿನ ರೂಪ ಹೊತ್ತ ನಕಲನ್ನು ಅಸಲಿನ ಜಾಗದಲ್ಲಿ ದಾಟಿಸುವುದು. ತುಪ್ಪಕ್ಕೆ ಎಣ್ಣೆ ಬೆರೆಸುವುದನ್ನು ಗುರುಗಳು ಆಗ ಉದಾಹರಣೆಯಾಗಿ ಹೇಳಿದ್ದರು. ಬೆರೆಸಿದ ತುಪ್ಪವನ್ನು ಎಂದೂ ಮಾರಿಲ್ಲವೆಂಬ ತೃಪ್ತಿಯಲ್ಲಿ ಐವತ್ತು ವರ್ಷ ಕಳೆದಿದ್ದ ಅವರು, ತಮ್ಮ ಗಾಜಿನ ಕಪಾಟಿನಲ್ಲಿ ಅದೇ ತುಪ್ಪ ಬೇರೆ ಡಬ್ಬಿಯಲ್ಲಿ ಇದ್ದುದನ್ನು ಅಂದು ಕಂಡರು.

ಅಂಗಡಿಯಲ್ಲಿ 140 ಅಡಾಪ್ಟರ್‌ಗಳು ಉಳಿದಿದ್ದವು. ಅಸಲು ಹಣ 12,600 ರೂಪಾಯಿ. ಸಗಟು ವ್ಯಾಪಾರಿಗೆ ಫೋನ್ ಮಾಡಿದಾಗ ಆತ ಉದಾರವಾಗಿಯೇ ಉತ್ತರಿಸಿದ: ‘ವಾಪಸ್ ಕಳಿಸಿ ಸ್ವಾಮಿ, ಬೇರೆ ಅಂಗಡಿಗೆ ಹಾಕುತ್ತೇನೆ.’ ಸುಲಭದ ದಾರಿ ಅದೇ ಆಗಿತ್ತು. ಆದರೆ ಬೇರೆ ಅಂಗಡಿಯಿಂದ ಕೊಳ್ಳುವವನ ಮನೆಯಲ್ಲಿಯೂ ಒಂದು ಮಗು ಇರುತ್ತದೆ. ವಿಷವೆಂದು ತಿಳಿದ ಮೇಲೆ ಅದನ್ನು ಪಕ್ಕದ ಬಾವಿಗೆ ಸುರಿಯುವುದು ಅಹಿಂಸೆಯಾಗಲಾರದು. ಅವರು ಹಿಂದಿರುಗಿಸಲಿಲ್ಲ. ಅಡಾಪ್ಟರ್‌ಗಳನ್ನೂ ನಕಲು ಬ್ಯಾಟರಿಗಳನ್ನೂ ಮೂಟೆ ಕಟ್ಟಿ ತುಮಕೂರು ರಸ್ತೆಯ ದಾಬಸ್‌ಪೇಟೆಗೆ ಸಾಗಿಸಿದರು. ಅಲ್ಲಿ ಪಿ. ಪಾರ್ಥಸಾರಥಿಯವರು ಸ್ಥಾಪಿಸಿದ ಇ-ಪರಿಸರ ಎಂಬ ಇ-ತ್ಯಾಜ್ಯ ಘಟಕ 2005ರಿಂದ ಕೆಲಸ ಮಾಡುತ್ತಿತ್ತು. ಸರ್ಕಾರದ ಅನುಮತಿ ಪಡೆದ ಇಂತಹ ಘಟಕಗಳಲ್ಲಿ ಅದು ದೇಶಕ್ಕೇ ಮೊದಲನೆಯದು. ಲಿಥಿಯಂ ಬ್ಯಾಟರಿಯನ್ನು ಕಸದ ತೊಟ್ಟಿಗೆ ಎಸೆದರೆ ಅದು ಜಜ್ಜಿಹೋಗಿ ಹೊತ್ತಿಕೊಳ್ಳಬಹುದು. ತೊಟ್ಟಿಯನ್ನು ಕೆದಕುವ ಕೈಗಳು ಯಾರವೆಂಬುದು ಎಲ್ಲರಿಗೂ ಗೊತ್ತು.

ಅಡಾಪ್ಟರ್‌ನ ವಿಷಯ ಅಲ್ಲಿಗೆ ನಿಶ್ಚಯವಾಯಿತು. ಆಟದ ಕಾರ್ಡಿನ ವಿಷಯ ಅಷ್ಟು ಸುಲಭವಾಗಿರಲಿಲ್ಲ. ಅದು ಯಾರ ಕೈಯನ್ನೂ ಕಚ್ಚುತ್ತಿರಲಿಲ್ಲ. ಒಂದು ರಾತ್ರಿ ಊಟದ ನಂತರ ಅವರು ಮಗನನ್ನು ಕೇಳಿದರು.

‘ಈ ಕಾರ್ಡಿನಲ್ಲಿರುವ ಆಟಗಳನ್ನು ಬರೆದವರಿಗೆ ಏನು ಸಿಗುತ್ತದೆ?’

‘ಏನೂ ಇಲ್ಲ, ಅಪ್ಪಾಜಿ.’

‘ನಿನಗೆ ಇದು ಮೊದಲೇ ಗೊತ್ತಿತ್ತಲ್ಲ?’

ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಗೊತ್ತಿತ್ತು. ನೀವು ವ್ಯಾಪಾರ ಮಾಡುವಾಗ ನಾನು ಹೇಗೆ ಹೇಳಲಿ ಅಂತ ಬಿಟ್ಟೆ’ ಎಂದ. ಅನಂತರ ಅವನು ಹೇಳಿದ ಸಂಗತಿ ತಂದೆಗೆ ಹೊಸದು. ಆಟಗಳು ಎಲ್ಲೋ ಜಪಾನಿನಲ್ಲಿ, ಅಮೆರಿಕದಲ್ಲಿ ತಾವಾಗಿಯೇ ಹುಟ್ಟುತ್ತವೆಂದು ಅವರು ಭಾವಿಸಿದ್ದರು. ಬೆಂಗಳೂರಿನಲ್ಲಿಯೇ ರಾಜೇಶ್ ರಾವ್ ಅವರು 1997ರಲ್ಲಿ ಧ್ರುವ ಇಂಟರ್‌ಆ್ಯಕ್ಟಿವ್ ಎಂಬ ಸಂಸ್ಥೆಯನ್ನು ಕಟ್ಟಿದ್ದರು. ಫೋರ್ಜಾ ಮೋಟಾರ್‌ಸ್ಪೋರ್ಟ್‌ನಂತಹ ಪ್ರಸಿದ್ಧ ಆಟಗಳ ಚಿತ್ರಕೆಲಸದಲ್ಲಿ ಅಲ್ಲಿನ ಯುವಕ ಯುವತಿಯರ ಪಾಲಿತ್ತು. (ಆ ಸಂಸ್ಥೆಯನ್ನು 2017ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್, 2019ರಲ್ಲಿ ರಾಕ್‌ಸ್ಟಾರ್ ಕೊಂಡವು.) ಪರದೆಯ ಮೇಲೆ ಓಡುವ ಕಾರಿನ ಬಾಗಿಲೊಂದನ್ನು ಬಿಡಿಸಲು ಬೆಂಗಳೂರಿನ ಯಾವುದೋ ಮನೆಯ ಮಗ ರಾತ್ರಿಯೆಲ್ಲ ಎದ್ದಿರುತ್ತಾನೆ. ‘ನಾನು ಬರೆದ ಪ್ರೋಗ್ರಾಂ ಅನ್ನು ಯಾರಾದರೂ ಹೀಗೆ ಎಂಟುನೂರಕ್ಕೆ ತುಂಬಿಸಿ ಮಾರಿದರೆ ನಮ್ಮ ಮನೆಗೆ ಬರುವ ಸಂಬಳವೇ ನಿಲ್ಲುತ್ತದೆ’ ಎಂದ ಮಗ. ತೂಕವಿಲ್ಲದ ಸರಕಿಗೂ ತೆತ್ತವರೊಬ್ಬರು ಇರುತ್ತಾರೆ; ಅವರು ಕಣ್ಣಿಗೆ ಬೀಳುವುದಿಲ್ಲ, ಅಷ್ಟೇ.

ಕಾನೂನು ಈ ವಿಷಯದಲ್ಲಿ ಅಸ್ಪಷ್ಟವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಂಪ್ಯೂಟರ್ ಎಂಬುದಕ್ಕೆ ಇರುವ ಅರ್ಥ ವಿಶಾಲವಾದದ್ದು. ಮಾಹಿತಿಯನ್ನು ಸಂಸ್ಕರಿಸುವ ಯಾವ ಎಲೆಕ್ಟ್ರಾನಿಕ್ ಸಾಧನವೂ ಅದರಲ್ಲಿ ಸೇರುತ್ತದೆ. ಕದ್ದ ಪ್ರತಿಯೆಂದು ತಿಳಿದೂ ಪ್ರೋಗ್ರಾಂ ಬಳಸುವವರಿಗೆ 63ಬಿ ವಿಧಿಯಂತೆ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಸೆರೆ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ; ಲಾಭಕ್ಕಾಗಿಯೂ ವ್ಯಾಪಾರಕ್ಕಾಗಿಯೂ ಬಳಸದಿದ್ದಲ್ಲಿ ನ್ಯಾಯಾಲಯ ಸೆರೆಯನ್ನು ಬಿಟ್ಟು ದಂಡವನ್ನಷ್ಟೇ ವಿಧಿಸಬಹುದು. ನ್ಯಾಯವಾಗಿ ಕೊಂಡವನು ತನ್ನ ಪ್ರತಿ ಕೆಟ್ಟೀತೆಂಬ ಭಯದಿಂದ ಇನ್ನೊಂದು ಪ್ರತಿ ತೆಗೆದಿಟ್ಟುಕೊಳ್ಳುವುದಕ್ಕೆ ಅದೇ ಕಾಯ್ದೆ ಅವಕಾಶ ಕೊಟ್ಟಿದೆ. ಇಂತಹ ನಕಲು ಕಾರ್ಡುಗಳ ಮಾರಾಟಕ್ಕೆ ಟೋಕಿಯೋದ ನ್ಯಾಯಾಲಯ 2009ರಲ್ಲಿಯೂ ಲಂಡನ್ನಿನ ಉಚ್ಚ ನ್ಯಾಯಾಲಯ 2010ರಲ್ಲಿಯೂ ಅಡ್ಡಿಯೊಡ್ಡಿದವು. 2012ರಲ್ಲಿ ಭಾರತದ ಕಾಯ್ದೆಗೂ 65ಎ ವಿಧಿ ಸೇರಿ, ಕೃತಿಸ್ವಾಮ್ಯವನ್ನು ಉಲ್ಲಂಘಿಸಲೆಂದು ರಕ್ಷಣೆಯ ಬೀಗವನ್ನು ಮುರಿಯುವುದೂ ಅಪರಾಧವಾಯಿತು.

ಆದರೆ ಗಿರಾಕಿಗಳ ವಾದವನ್ನೂ ತಳ್ಳಿಹಾಕುವಂತಿರಲಿಲ್ಲ. ‘ಅಸಲು ಆಟ ಒಂದಕ್ಕೆ ಎರಡು ಸಾವಿರ ಕೊಡಬೇಕು. ಲೇತ್ ಮೆಷಿನ್ನಿನ ಮುಂದೆ ನಿಲ್ಲುವ ನಾನು ಎಲ್ಲಿಂದ ತರಲಿ? ನನ್ನ ಮಗ ಆಡಬಾರದೇ?’ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆಗೆ ವರ್ತಕರು ಉಪದೇಶದ ಉತ್ತರ ಕೊಡಲಿಲ್ಲ. ಬಡವನ ಮಗನೂ ಆಡಬೇಕಾದದ್ದು ನಿಜ. ಹಾಗೆಂದು ಅವನ ಆಟದ ಬೆಲೆಯನ್ನು ಬರೆದವನ ಜೇಬಿನಿಂದ, ಅವನನ್ನು ಕೇಳದೆ, ತೆಗೆಯುವ ಅಧಿಕಾರ ಅಂಗಡಿಯವನಿಗೆ ಯಾರು ಕೊಟ್ಟರು? ಅದರಲ್ಲಿ ಮುನ್ನೂರೈವತ್ತು ರೂಪಾಯಿ ಲಾಭ ಅಂಗಡಿಯವನಿಗೇ ಉಳಿಯುತ್ತಿತ್ತು. ಅದು ಬಡವನ ಮೇಲಿನ ಕರುಣೆಯಾಗಿರಲಿಲ್ಲ. ಗೇಮ್ ಬಾಯ್‌ನ ಜೊತೆ ಜಗತ್ತಿಗೆಲ್ಲ ಹರಡಿದ ಟೆಟ್ರಿಸ್ ಆಟವನ್ನು 1984ರಲ್ಲಿ ಮಾಸ್ಕೋದಲ್ಲಿ ರಚಿಸಿದ ಅಲೆಕ್ಸಿ ಪಜಿಟ್ನೊವ್ ಅವರಿಗೆ 1996ರವರೆಗೆ ಅದರ ಗೌರವಧನ ಸಿಗಲಿಲ್ಲ. ಹಕ್ಕು ಸೋವಿಯತ್ ಸರ್ಕಾರದ ಕೈಯಲ್ಲಿತ್ತು. ಕೋಟ್ಯಂತರ ಜನ ಆಡಿದ ಆಟದ ಕರ್ತೃವಿಗೆ ಹನ್ನೆರಡು ವರ್ಷ ಏನೂ ಬರಲಿಲ್ಲವೆಂಬುದನ್ನು ಮಗನಿಂದ ಕೇಳಿದ ವರ್ತಕರು, ‘ಅಲ್ಲಿ ಸರ್ಕಾರ ಮಾಡಿದ್ದನ್ನು ಇಲ್ಲಿ ನಾನು ಮಾಡುತ್ತಿದ್ದೇನೆ’ ಎಂದರಂತೆ.

ಉಳಿದಿದ್ದ 35 ಕಾರ್ಡುಗಳನ್ನೂ ಅವರು ಕಪಾಟಿನಿಂದ ತೆಗೆದರು. ಮೊಮ್ಮಗನ ಬಳಿ ಇದ್ದ ಕಾರ್ಡನ್ನೂ ಕೇಳಿ ಪಡೆದರು. ಅದರಲ್ಲಿ ಅವನು ಒಂದು ತಿಂಗಳಿಂದ ಆಡಿ ಕೂಡಿಸಿದ್ದ ಹಂತಗಳೆಲ್ಲ ಇದ್ದವು. ‘ತಾತ, ನಾನೇನು ತಪ್ಪು ಮಾಡಿದೆ?’ ಎಂದ ಹುಡುಗ. ‘ನೀನು ಮಾಡಿಲ್ಲ ಮರಿ. ನಾನು ಮಾಡಿದ್ದು. ನಷ್ಟ ಮಾತ್ರ ಇಬ್ಬರಿಗೂ’ ಎಂದರು ತಾತ. ಒಂದು ಅಸಲು ಕಾರ್ಟ್ರಿಜ್ ಅವನಿಗೆ ಬಂತು. ನೂರಾರು ಆಟಗಳಿದ್ದಾಗ ಯಾವುದನ್ನೂ ಐದು ನಿಮಿಷಕ್ಕಿಂತ ಹೆಚ್ಚು ಆಡದಿದ್ದವನು, ಒಂದೇ ಇದ್ದಾಗ ಅದನ್ನು ಕೊನೆಯವರೆಗೆ ಆಡಿ ಮುಗಿಸಿದ.

ಮೂರು ವರ್ಷಗಳ ಬಿಲ್ಲುಗಳನ್ನು ತೆಗೆದು ಲೆಕ್ಕ ಹಾಕಿದಾಗ, ಸುಮಾರು 600 ಅಡಾಪ್ಟರ್‌ಗಳಿಂದ 66,000, ಸುಮಾರು 220 ಕಾರ್ಡುಗಳಿಂದ 77,000, ಒಟ್ಟು 1,43,000 ರೂಪಾಯಿ ಲಾಭ ಬಂದಿತ್ತು. ‘ಇಲ್ಲಿ ಕೊಂಡ ಅಡಾಪ್ಟರ್ ಅಪಾಯಕಾರಿ. ತಂದುಕೊಟ್ಟು ಹಣ ಪಡೆಯಿರಿ’ ಎಂದು ಅಂಗಡಿಯ ಮುಂದೆ ಫಲಕ ಹಾಕಿದರು. ಪಕ್ಕದ ಅಂಗಡಿಯವರು ಹುಚ್ಚೆಂದರು. ಬಂದವರು 41 ಮಂದಿ. ಹಿಂದಿರುಗಿಸಿದ್ದು 8,200 ರೂಪಾಯಿ. ಉಳಿದವರು ಯಾರೋ, ಎಲ್ಲಿಯವರೋ.

ಉಳಿದ ಹಣವನ್ನು ಏನು ಮಾಡಬೇಕು? ಆ ವರ್ಷ ಬಸದಿಯ ಟ್ರಸ್ಟ್ ಪಾಠಶಾಲೆಯ ಕೊಠಡಿ ಕಟ್ಟಿಸುತ್ತಿತ್ತು. ವರ್ತಕರು ಒಂದು ಲಕ್ಷ ರೂಪಾಯಿ ಕೊಡುವುದಾಗಿ ಮೊದಲೇ ಮಾತು ಕೊಟ್ಟಿದ್ದರು. ಗೋಡೆಯ ಕಲ್ಲಿನ ಮೇಲೆ ಕೆತ್ತಿಸಲು ಅವರ ತಂದೆತಾಯಿಯರ ಹೆಸರೂ ಬರೆದಾಗಿತ್ತು. ಅವರು ಟ್ರಸ್ಟಿನ ಸಭೆಗೆ ಹೋಗಿ ಹಣ ಬಂದ ಮೂಲವನ್ನು ಮರೆಮಾಚದೆ ತಿಳಿಸಿದರು. ಸಭೆಯಲ್ಲಿ ಎರಡು ಅಭಿಪ್ರಾಯಗಳು ಬಂದವು. ಧರ್ಮಕಾರ್ಯಕ್ಕೆ ಬಂದ ಮೇಲೆ ಹಣ ಶುದ್ಧವಾಗುತ್ತದೆ, ಕೊಠಡಿಯ ಕೆಲಸ ನಿಂತಿದೆ ಎಂದು ಕೆಲವರು. ಹಿರಿಯರೊಬ್ಬರು ಮಾತ್ರ, ಆಶಾಧರ ಸೂರಿಗಳು ಹದಿಮೂರನೆಯ ಶತಮಾನದಲ್ಲಿ ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಲಕ್ಷಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನು ಮೊಟ್ಟಮೊದಲು ಇಟ್ಟಿರುವುದನ್ನು ನೆನಪಿಸಿದರು. ದಾನ ಅನಂತರ, ಗಳಿಕೆ ಮೊದಲು. ಬಹಳ ಚರ್ಚೆಯಾದ ಮೇಲೆ ಟ್ರಸ್ಟ್ ಆ ಹಣವನ್ನು ಸ್ವೀಕರಿಸಲಿಲ್ಲ. ಪಾಠಶಾಲೆಯ ಗೋಡೆಗಳು ಒಂದು ವರ್ಷ ಮೇಲ್ಛಾವಣಿಯಿಲ್ಲದೆ ನಿಂತವು. ಆ ಗೋಡೆಗಳನ್ನು ನೋಡುವಾಗಲೆಲ್ಲ ವರ್ತಕರು ತಲೆ ತಗ್ಗಿಸುತ್ತಿದ್ದರು.

ಅವರು ಕೊನೆಗೆ ಆ ಹಣವನ್ನು ಅದು ಬಂದ ದಾರಿಯಲ್ಲಿಯೇ ಹಿಂದಕ್ಕೆ ಕಳುಹಿಸಿದರು. ತಮ್ಮ ಗಿರಾಕಿಗಳು ವಾಸವಾಗಿದ್ದ ಬಾಡಿಗೆ ವಠಾರಗಳಲ್ಲಿ ಎಂಬತ್ತಕ್ಕೂ ಹೆಚ್ಚು ಮನೆಗಳಿಗೆ, ವಿದ್ಯುತ್ ಸೋರಿದೊಡನೆ ತಾನಾಗಿ ಕಡಿದುಕೊಳ್ಳುವ ಬ್ರೇಕರ್‌ಗಳನ್ನು ಹಾಕಿಸಿದರು. ಮನುಷ್ಯನ ಮೈಯಿಂದ 30 ಮಿಲಿಆಂಪಿಯರ್ ಸೋರಿದರೆ ಸಾಕು, ಅದು ಸರಬರಾಜನ್ನು ನಿಲ್ಲಿಸುತ್ತದೆ. ಯಾವ ಮನೆಯಲ್ಲಿಯೂ ಹೆಸರು ಬರೆಸಲಿಲ್ಲ. ಟ್ರಸ್ಟಿಗೆ ಕೊಟ್ಟ ಮಾತನ್ನು ಮುಂದಿನ ಮೂರು ವರ್ಷಗಳಲ್ಲಿ ವೈರು ಮತ್ತು ಸ್ವಿಚ್ಚಿನ ಆದಾಯದಿಂದ ತೀರಿಸಿದರು. ಕಪಾಟಿನಲ್ಲಿ ಆಟದ ಸಾಮಾನುಗಳಿದ್ದ ಜಾಗ ಬಹುಕಾಲ ಖಾಲಿಯೇ ಇತ್ತು; ಅದರಿಂದಾದ ನಷ್ಟ ಇಂದಿಗೂ ಪೂರ್ತಿ ತುಂಬಿಲ್ಲ.

ರಾಜ್ಯದ ನಿಯಮ ಅನಂತರ ಬಂತು. 2012ರ ಆದೇಶದಂತೆ ವಿಡಿಯೋ ಆಟದ ಯಂತ್ರಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಗೆ ಒಳಪಟ್ಟವು. 2014ರಲ್ಲಿ ಅಡಾಪ್ಟರ್‌ಗಳೂ ಚಾರ್ಜ್ ಮಾಡುವ ಬ್ಯಾಟರಿಗಳೂ ಪಟ್ಟಿಗೆ ಸೇರಿದವು. ಅವುಗಳನ್ನು ಪರೀಕ್ಷಿಸುವ ಪ್ರಯೋಗಾಲಯಗಳೂ ಬೆಂಗಳೂರಿನ ಅಂಚಿನಲ್ಲಿಯೇ ಇದ್ದವು: ಪೀಣ್ಯದಲ್ಲಿ ಸರ್ಕಾರದ್ದು, ಎಲೆಕ್ಟ್ರಾನಿಕ್ಸ್ ಸಿಟಿಯಲ್ಲಿ ಟಿಯುವಿ ರೈನ್‌ಲ್ಯಾಂಡ್, ವೈಟ್‌ಫೀಲ್ಡ್‌ನಲ್ಲಿ ಯುಎಲ್. ನೋಂದಣಿಯಾದ ವಸ್ತುವಿನ ಮೇಲೆ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಅದನ್ನು ತಾಳೆ ನೋಡಬಹುದು. ಮಕ್ಕಳಿಗೆ ಚಾರ್ಜರ್ ಕೊಳ್ಳುವ ಪ್ರತಿಯೊಬ್ಬ ಗೃಹಸ್ಥನೂ ಈ ಒಂದು ನಿಮಿಷದ ಕೆಲಸವನ್ನು ಮಾಡತಕ್ಕದ್ದು.

ಮುದ್ರೆ, ಸಂಖ್ಯೆ, ಕಾಯ್ದೆಗಳು ಹೊರಗಿನ ಕಾವಲುಗಾರರು. ಎರಡು ಊರುಗಳ ನಡುವೆ ಬಿಡಬೇಕಾದ ಐದು ಮಿಲಿಮೀಟರ್ ನೆಲವನ್ನು ಅವು ಅಳೆಯಬಲ್ಲವು. ನನ್ನದು ಮತ್ತು ನನ್ನದಲ್ಲದ್ದು ಎಂಬ ಎರಡರ ನಡುವಿನ ಅಂತರವನ್ನು ವರ್ತಕನೇ ಅಳೆದುಕೊಳ್ಳಬೇಕು. ಅಂಗಡಿಯ ಕಪಾಟು ಮಾತ್ರವಲ್ಲ, ಮನೆಯ ಮಕ್ಕಳ ಯಂತ್ರ, ಕಚೇರಿಯ ಕಂಪ್ಯೂಟರ್, ಧರ್ಮಸಂಸ್ಥೆಯ ಲೆಕ್ಕ ಬರೆಯುವ ಪ್ರೋಗ್ರಾಂ, ಇವೆಲ್ಲವೂ ಈ ಪರೀಕ್ಷೆಗೆ ಒಳಪಡತಕ್ಕವು. ಭಗವಂತನ ಭಂಡಾರದ ಲೆಕ್ಕವನ್ನು ನಕಲು ಪ್ರೋಗ್ರಾಂನಲ್ಲಿ ಬರೆದಿಟ್ಟರೆ ಆ ಲೆಕ್ಕದ ಮೊದಲ ಸಾಲೇ ತಪ್ಪಾಗಿರುತ್ತದೆ. ಪಾಠಶಾಲೆಯ ಕೊಠಡಿ ಈಗ ಪೂರ್ತಿಯಾಗಿದೆ. ಅಲ್ಲಿ ಮಕ್ಕಳಿಗೆ ಅಚೌರ್ಯದ ಪಾಠ ಬಂದಾಗ ಗುರುಗಳು ತುಪ್ಪದ ಉದಾಹರಣೆಯ ಜೊತೆಗೆ ಒಂದು ಅಡಾಪ್ಟರ್ ಅನ್ನೂ ಬಿಚ್ಚಿ ತೋರಿಸುತ್ತಾರೆ.